ಸೆರೆಯಲ್ಲಿರುವ ಸೈನಿಕರಿಗಾಗಿ ಸಾವಿರಾರು ಜನ ಪತ್ರ ಬರೆದರೆ ಏನಾದರೂ ಪ್ರಯೋಜನವಿದೆಯೇ?

ಇದೆ. ಆದರೆ ಪತ್ರ ಹೋದ ಕೂಡಲೇ ಜೈಲಿನ ಬಾಗಿಲು ತೆರೆಯುತ್ತದೆ ಎಂಬ ಆಸೆ ಬೇಡ. "ಅಂಥವನು ನಮ್ಮಲ್ಲಿ ಇಲ್ಲವೇ ಇಲ್ಲ" ಎಂದು ಸೆರೆ ಹಿಡಿದವರು ಕೈತೊಳೆದುಕೊಳ್ಳುವುದನ್ನು ಪತ್ರಗಳು ಕಷ್ಟ ಮಾಡುತ್ತವೆ. ಸೆರೆಯಾಳು ಜೀವ ಉಳಿಸಿಕೊಳ್ಳಲು ಎಷ್ಟೋ ಸಲ ಅಷ್ಟು ಸಾಕಾಗುತ್ತದೆ. ನಮ್ಮಪ್ಪ ಸೈನ್ಯದಲ್ಲಿದ್ದವರು. '56 ಎಪಿಒ' ಎಂಬ ಸೇನಾ ಅಂಚೆ ವಿಳಾಸದಿಂದ ಇನ್‌ಲ್ಯಾಂಡ್ ಲೆಟರ್ ಬರುವುದು ತಡವಾದರೆ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಈ ವಿಷಯವನ್ನು ಹಟ ಹಿಡಿದು ಓದಿಕೊಂಡಿದ್ದೇನೆ.

ಪತ್ರ ಚಳವಳಿ ನಿಜಕ್ಕೂ ಫಲ ಕೊಟ್ಟದ್ದು ಎಲ್ಲಿ ಎಂದು ಕೇಳಿದರೆ ನಾನು ಹೇಳುವುದು ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕವನ್ನು. ನೌಕಾಪಡೆಯ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್ ಅವರ ವಿಮಾನ 1965ರ ಸೆಪ್ಟೆಂಬರ್ 9ರಂದು ಉತ್ತರ ವಿಯೆಟ್ನಾಂ ಮೇಲೆ ಉರುಳಿತು. ಹನೋಯಿಯ ಹೊಆ ಲೋ ಜೈಲಿನಲ್ಲಿ ಅವರಿಗೆ ವರ್ಷಗಟ್ಟಲೆ ಚಿತ್ರಹಿಂಸೆಯಾಯಿತು. ಇತ್ತ ಅವರ ಪತ್ನಿ ಸಿಬಿಲ್ ಅವರಿಗೆ ಸರ್ಕಾರ ಹೇಳಿದ್ದು ಒಂದೇ ಮಾತು: ಸುಮ್ಮನಿರಿ, ಬಾಯಿ ಬಿಟ್ಟರೆ ಅವರಿಗೇ ಅಪಾಯ. ಎಲ್ಲ ಹೆಂಡಂದಿರಿಗೂ ಇದೇ ಬುದ್ಧಿವಾದ. ಸಿಬಿಲ್ ಮೂರು ವರ್ಷ ತಡೆದರು. ಅಷ್ಟರಲ್ಲಿ ಸ್ಯಾನ್ ಡಿಯೇಗೊ ಕಡೆಯ ಸೆರೆಯಾಳುಗಳ ಹೆಂಡಂದಿರನ್ನು ಒಟ್ಟುಗೂಡಿಸಿದ್ದರು. 1968ರ ಅಕ್ಟೋಬರಿನಲ್ಲಿ ತಮ್ಮ ಕಥೆಯನ್ನು ಊರಿನ ಪತ್ರಿಕೆಗೆ ಹೇಳಿಬಿಟ್ಟರು. ಮುಂದಿನ ವರ್ಷದ ಮೇ ತಿಂಗಳಲ್ಲಿ ಸರ್ಕಾರವೂ ಮೌನ ಮುರಿಯಿತು. ಆ ಶರತ್ಕಾಲದಲ್ಲಿ ಸಿಬಿಲ್ ಮತ್ತು ಕೆಲವರು ಪ್ಯಾರಿಸ್‌ಗೇ ಹೋಗಿ, ಶಾಂತಿ ಮಾತುಕತೆಗೆ ಅಲ್ಲಿಗೆ ಬಂದಿದ್ದ ಉತ್ತರ ವಿಯೆಟ್ನಾಂ ನಿಯೋಗದ ಎದುರು ಕೂತರು. ಆ ನಿಯೋಗಕ್ಕೆ, ಹನೋಯಿಗೆ, ಸಂಸದರಿಗೆ, ಪತ್ರಿಕೆಗಳಿಗೆ ಪತ್ರ ಮತ್ತು ತಂತಿಗಳು ಹರಿದವು. ಅವರು ಕೇಳಿದ್ದು "ಬಿಟ್ಟುಬಿಡಿ" ಎಂದಲ್ಲ ಎಂಬುದನ್ನು ಗಮನಿಸಿ. ಹೆಸರು ಕೊಡಿ, ಕಾಗದ ಬರೆಯಲು ಬಿಡಿ, ಕಾಯಿಲೆಯವರನ್ನು ನೋಡಿಕೊಳ್ಳಿ, ರೆಡ್‌ಕ್ರಾಸ್‌ನವರನ್ನು ಒಳಗೆ ಬಿಡಿ. ಇಷ್ಟೇ.

ಎಲ್ಲದರ ಮೊದಲು ಹೆಸರು. 1969ರ ಆಗಸ್ಟಿನಲ್ಲಿ ಬಿಡುಗಡೆಯಾದ ಡಗ್ಲಸ್ ಹೆಗ್ಡಾಲ್ ಎಂಬ ಎಳೆಯ ನಾವಿಕ 250ಕ್ಕೂ ಹೆಚ್ಚು ಸೆರೆಯಾಳುಗಳ ಹೆಸರನ್ನು ಮಕ್ಕಳ ಹಾಡಿನ ಧಾಟಿಯಲ್ಲಿ ಬಾಯಿಪಾಠ ಮಾಡಿಕೊಂಡು ಹೊರಬಂದ. ಒಳಗಿದ್ದ ಹಿರಿಯ ಅಧಿಕಾರಿಗಳೇ ಆತನಿಗೆ ಹೋಗು ಎಂದು ಆಜ್ಞೆ ಮಾಡಿದ್ದರು. ಸ್ಟಾಕ್‌ಡೇಲ್ ದಂಪತಿಯೂ ನೌಕಾ ಗುಪ್ತಚರರ ನೆರವಿನಿಂದ ಮಾಮೂಲಿ ಸಂಸಾರದ ಕಾಗದಗಳೊಳಗೇ ಗುಟ್ಟಿನ ಬರಹ ಅಡಗಿಸಿ ಜೈಲಿನಲ್ಲಿರುವವರ ಹೆಸರುಗಳನ್ನು ದಾಟಿಸುತ್ತಿದ್ದರು. ಸಿಕ್ಕಿಬಿದ್ದರೆ ಗಂಡನ ಪ್ರಾಣ ಹೋಗುತ್ತದೆಂದು ಗೊತ್ತಿದ್ದೂ ಆ ಕಾಗದಗಳನ್ನು ಅಂಚೆಗೆ ಹಾಕಿದ ಹೆಣ್ಣುಮಗಳ ಎದೆಗಾರಿಕೆಗೆ ಏನು ಹೇಳುವುದು!

1969ರ ಕೊನೆಯ ಹೊತ್ತಿಗೆ ಜೈಲುಗಳಲ್ಲಿ ಹಿಂಸೆ ಇಳಿಯಿತು. ಉತ್ತರ ವಿಯೆಟ್ನಾಂ ನಾಯಕ ಹೊ ಚಿ ಮಿನ್ ತೀರಿಕೊಂಡದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹಾಗಾಗಿ ಎಲ್ಲ ಪುಣ್ಯವನ್ನೂ ಪತ್ರಗಳ ಲೆಕ್ಕಕ್ಕೆ ಹಾಕಲಾರೆ. ಆದರೂ ವಾಪಸಾದವರಲ್ಲಿ ಹಲವರು ಮನೆಯವರು ಎಬ್ಬಿಸಿದ ಗದ್ದಲವೇ ತಮ್ಮನ್ನು ಉಳಿಸಿತೆಂದಿದ್ದಾರೆ, ನಾನು ಅವರ ಮಾತನ್ನೇ ನಂಬುತ್ತೇನೆ. 1970ರ ಜನವರಿಯಲ್ಲಿ ಯುದ್ಧವಿರೋಧಿ ಹೋರಾಟಗಾರ್ತಿ ಕೋರಾ ವೈಸ್ ಮತ್ತು ಸಂಗಡಿಗರು ಒಂದು ಸಮಿತಿ ಕಟ್ಟಿ ಹನೋಯಿಗೆ ಕಾಗದ ಒಯ್ದು, ಅಲ್ಲಿಂದ ತರತೊಡಗಿದರು. ಸಿಬಿಲ್ ಅವರಂಥವರಿಗೂ ಇವರಿಗೂ ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿ. ಕಾಗದ ಮಾತ್ರ ಎರಡೂ ಕಡೆಯ ಶ್ರಮದಿಂದ ತಲುಪಿತು. 1973ರಲ್ಲಿ 591 ಮಂದಿ ಮನೆಗೆ ಮರಳಿದರು. 2500ಕ್ಕೂ ಹೆಚ್ಚು ಮಂದಿಯ ಲೆಕ್ಕ ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು.

ಈಗ ನಮ್ಮ ಕಡೆಗೆ ಬರೋಣ. 1971ರ ಯುದ್ಧದಲ್ಲಿ ನಮ್ಮ ಕೈಗೆ ಪಾಕಿಸ್ತಾನದ ಸುಮಾರು 93,000 ಮಂದಿ ಸಿಕ್ಕಿದ್ದರು, 1974ರ ಹೊತ್ತಿಗೆ ಅವರೆಲ್ಲ ಮರಳಿದರು. ಪಾಕಿಸ್ತಾನದಲ್ಲಿದ್ದ ನಮ್ಮವರೂ ವಾಘಾ ದಾಟಿ ಬಂದರು. ಆದರೆ 54 ಮಂದಿ ಬರಲಿಲ್ಲ ಎನ್ನುತ್ತದೆ ನಮ್ಮ ಸರ್ಕಾರ. ಅಂಥವರು ಇಲ್ಲವೇ ಇಲ್ಲ ಎನ್ನುತ್ತದೆ ಪಾಕಿಸ್ತಾನ. ಮೇಜರ್ ಅಶೋಕ್ ಸೂರಿ ಅವರದೆಂದು ಹೇಳಲಾದ ಕೈಬರಹದ ಚೀಟಿಗಳು ಯುದ್ಧ ಮುಗಿದು ಮೂರು ವರ್ಷ ಕಳೆದ ಮೇಲೆ ತಂದೆಯ ಕೈಸೇರಿದವು. ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ದಮಯಂತಿ ತಾಂಬೆ ಪೈಲಟ್ ಗಂಡನಿಗಾಗಿ ದಶಕಗಟ್ಟಲೆ ಕಚೇರಿ ಕಚೇರಿ ಅಲೆದರು. 1979ರಲ್ಲಿ ಸಂಸತ್ತಿನಲ್ಲಿ ಹೆಸರುಗಳ ಪಟ್ಟಿ ಬಂತು. 2007ರಲ್ಲಿ ಮನೆಯವರ ತಂಡ ಪಾಕಿಸ್ತಾನದ ಜೈಲುಗಳಿಗೆ ಹೋಗಿ ಬಂತು, ಯಾರೂ ಸಿಗಲಿಲ್ಲ. ಆ ಮನೆಗಳವರು ಬರೆದದ್ದೇನೂ ಕಡಿಮೆಯಲ್ಲ. ಬಿಡುಗಡೆ ನಡೆಯುತ್ತಿದ್ದಾಗಲೇ, ನಮ್ಮ ಕೈಯಲ್ಲಿ ಅಷ್ಟೊಂದು ಸೆರೆಯಾಳುಗಳಿದ್ದಾಗಲೇ, ದೇಶವೇ ಎದ್ದು ಒಂದೊಂದು ಹೆಸರನ್ನೂ ಕೇಳಬೇಕಿತ್ತು. ಆಗ ನಾವು ಗೆಲುವಿನ ಸಂಭ್ರಮದಲ್ಲಿದ್ದೆವು. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಹೆಸರಿಗೆ ಎಷ್ಟು ಬೆಲೆ ಎಂಬುದಕ್ಕೆ ಕೊಡಗಿನದೇ ನಿದರ್ಶನವಿದೆ. 1965ರಲ್ಲಿ ಜನರಲ್ ಕಾರಿಯಪ್ಪನವರ ಮಗ, ಪೈಲಟ್ ಕೆ.ಸಿ. ಕಾರಿಯಪ್ಪ ಸೆರೆಸಿಕ್ಕಾಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೇ ತಂದೆಗೆ ಸುದ್ದಿ ಮುಟ್ಟಿಸಿದರು. ಮಗನಿಗೆಂದು ವಿಶೇಷ ಸವಲತ್ತು ಬೇಡ, ಎಲ್ಲ ಸೆರೆಯಾಳುಗಳನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಕಾರಿಯಪ್ಪನವರು ಉತ್ತರಿಸಿದ್ದು ಪ್ರಸಿದ್ಧ. ದೊಡ್ಡವರ ಮಗನನ್ನು ಜಗತ್ತು ತಾನಾಗಿ ಗಮನಿಸುತ್ತದೆ. ಹಳ್ಳಿಯ ಸಿಪಾಯಿಯ ಕಡೆಗೂ ಅದೇ ಗಮನ ಹರಿಯಬೇಕಾದರೆ ನಿಮ್ಮಂಥವರು ಬರೆಯಲೇಬೇಕು.

ಬರೆಯುವುದಾದರೆ ಮೊದಲು ಸೆರೆಯಾಳಿನ ಮನೆಯವರನ್ನು ಕೇಳಿ. ಅವರು ಬೇಡ ಎಂದರೆ ಬೇಡ. ಆತನ ಪಡೆ, ಕೆಲಸ, ಕೊನೆಯದಾಗಿ ಇದ್ದ ಜಾಗ, ಮನೆಯ ಫೋಟೋ ಇವನ್ನೆಲ್ಲ ಹಾಕಬೇಡಿ. ವಿಚಾರಣೆ ಮಾಡುವವರಿಗೆ ಅದೇ ಆಯುಧವಾಗುತ್ತದೆ. ಬೈಗುಳ ಬೇಡ. ಅಚ್ಚು ಹಾಕಿಸಿದ ಒಂದೇ ಒಕ್ಕಣೆಯ ಸಾವಿರ ಪ್ರತಿಗಿಂತ ಸ್ವಂತ ಕೈಬರಹದ ನೂರು ಅಂಚೆ ಕಾರ್ಡು ಮೇಲು. 1949ರ ಮೂರನೇ ಜಿನೀವಾ ಒಪ್ಪಂದದ ಆಧಾರ ಕೊಡಿ: ಸೆರೆಸಿಕ್ಕು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯುವುದು ಸೆರೆಯಾಳಿನ ಹಕ್ಕು (70ನೇ ವಿಧಿ), ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು (71ನೇ ವಿಧಿ), ಆ ಅಂಚೆಗೆ ಸ್ಟಾಂಪಿನ ಖರ್ಚೂ ಇಲ್ಲ (74ನೇ ವಿಧಿ). ಸೆರೆಯಾಳಿಗೇ ಬರೆಯುವ ಕಾಗದ ಮನೆಯವರಿಂದಲೇ ರೆಡ್‌ಕ್ರಾಸ್ ಮೂಲಕ ಹೋಗಲಿ. ನೀವು ನಿಮ್ಮ ಸಂಸದರಿಗೆ, ವಿದೇಶಾಂಗ ಸಚಿವಾಲಯಕ್ಕೆ ಬರೆಯಿರಿ.

1971ರವರ ಬಗ್ಗೆ ಬರೆಯುವುದಾದರೆ ಇನ್ನೊಂದು ಮಾತು. ಭಾರತ, ಪಾಕಿಸ್ತಾನ ಎರಡೂ 2008ರ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ರಂದು ತಮ್ಮಲ್ಲಿರುವ ನಾಗರಿಕ ಕೈದಿಗಳ ಮತ್ತು ಮೀನುಗಾರರ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾಣೆಯಾದ ಸೈನಿಕರ ವಿಷಯವನ್ನೂ ನಮ್ಮ ಸರ್ಕಾರ ಆಗ ಎತ್ತುವುದುಂಟು. ಸಂಸದರಿಗೆ ಬರೆಯುವ ಕಾಗದ ಆ ದಿನಕ್ಕೆ ಒಂದು ತಿಂಗಳು ಮೊದಲೇ ತಲುಪುವಂತೆ ಹಾಕಿ, ಹೆಸರುಗಳನ್ನು ಒಂದೊಂದಾಗಿ ಬರೆಯಿರಿ.