ಪ್ರಾಚೀನ ಯುದ್ಧದ ಸಿನಿಮಾ: ಚರಿತ್ರೆ ಎಷ್ಟು, ರಂಜನೆ ಎಷ್ಟು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಥರ್ಮಾಪಿಲೆ ಯುದ್ಧವನ್ನು ಕುರಿತ ‘300’ ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ಕಾಲೇಜಿಗೆ ಹೋಗುವ ಮಗ ಅದನ್ನೇ ಚರಿತ್ರೆಯೆಂದು ನಂಬಿದ್ದಾನೆ. ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ನನ್ನ ಭಾವನವರು ಅದರಲ್ಲಿ ಒಂದಂಶವೂ ನಿಜವಲ್ಲವೆನ್ನುತ್ತಾರೆ. ರಂಜನೆಗಾಗಿ ತೆಗೆದ ಚಿತ್ರದಲ್ಲಿ ನಿಖರತೆಯನ್ನು ಹುಡುಕುವುದು ಸರಿಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಬ್ಬರ ಮಾತನ್ನೂ ಪೂರ್ತಿಯಾಗಿ ಒಪ್ಪಲಾಗದು. ಕ್ರಿ.ಪೂ. 480ರಲ್ಲಿ ಪರ್ಶಿಯಾದ (ಇಂದಿನ ಇರಾನ್) ದೊರೆ ಕ್ಸರ್ಕ್ಸೀಸನ ಸೈನ್ಯವನ್ನು ಬೆಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಗ್ರೀಕ್ ನಾಡಿನ ಸ್ಪಾರ್ಟಾದ ಅರಸ ಲಿಯೊನಿಡಾಸ್ ತಡೆದದ್ದು, ಬೆಟ್ಟದ ಕಾಲುದಾರಿಯನ್ನು ಎಫಿಯಾಲ್ಟಿಸ್ ಎಂಬವನು ಶತ್ರುವಿಗೆ ತೋರಿಸಿಕೊಟ್ಟದ್ದು, ಲಿಯೊನಿಡಾಸ್ ತನ್ನವರೊಂದಿಗೆ ಅಲ್ಲಿಯೇ ಮಡಿದದ್ದು, ಇವೆಲ್ಲ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟ ಸಂಗತಿಗಳೇ. ಪರ್ಶಿಯನ್ನರ ಬಾಣಗಳು ಸೂರ್ಯನನ್ನೇ ಮರೆಮಾಡುತ್ತವೆ ಎಂದಾಗ, ಹಾಗಿದ್ದರೆ ನೆರಳಿನಲ್ಲಿ ಕಾದೋಣ ಎಂದು ಬರುವ ಉತ್ತರವನ್ನು ಸಂಭಾಷಣೆಕಾರರ ಸೃಷ್ಟಿಯೆಂದು ಭಾವಿಸುವವರು ಬಹಳ. ಅದೂ ಹೆರೊಡೊಟಸನಲ್ಲಿದೆ.

ಆದರೆ ಮುನ್ನೂರು ಮಂದಿಯೇ ಎಲ್ಲವನ್ನೂ ಮಾಡಿದರೆಂಬ ಭಾವನೆ ತಪ್ಪು. ಮೊದಲಿಗೆ ಅಲ್ಲಿ ಸುಮಾರು 7,000 ಗ್ರೀಕರಿದ್ದರು. ಕೊನೆಯ ದಿನ ಹೆಚ್ಚಿನವರು ಹಿಂದಿರುಗಿದ ಮೇಲೂ ಥೆಸ್ಪಿಯೆ ಎಂಬ ಸಣ್ಣ ಪಟ್ಟಣದ 700 ಮಂದಿ ತಾವಾಗಿಯೇ ನಿಂತು ಸತ್ತರು. ಸ್ಪಾರ್ಟಾದವರಿಗಿಂತ ಎರಡು ಪಟ್ಟು ಮಿಕ್ಕಿದ್ದ ಇವರ ಹೆಸರೇ ಚಿತ್ರ ನೋಡಿ ಎದ್ದವರ ನೆನಪಿನಲ್ಲಿ ಉಳಿಯುವುದಿಲ್ಲವೆಂಬುದು ನನಗೆ ತೀರ ನೋವಿನ ಸಂಗತಿ. ಹಾಗೆಂದು ಮೂಲ ಬರಹವೂ ಪ್ರಶ್ನಾತೀತವಲ್ಲ. ಪರ್ಶಿಯಾದ ಕಾಲಾಳುಗಳೇ 17 ಲಕ್ಷವೆಂದು ಹೆರೊಡೊಟಸ್ ಲೆಕ್ಕ ಕೊಡುತ್ತಾನೆ, ಅದನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ.

ಉಡುಗೆ ತೊಡುಗೆಯ ತಪ್ಪುಗಳನ್ನು ನಾನು ದೊಡ್ಡದು ಮಾಡುವುದಿಲ್ಲ. ಗ್ರೀಕ್, ರೋಮನ್ ಕುದುರೆ ಸವಾರರಿಗೆ ರಿಕಾಪು (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಇರಲಿಲ್ಲವೆಂಬುದು ಗೊತ್ತಿದ್ದರೂ ನಟರ ಸುರಕ್ಷತೆಗಾಗಿ ಚಿತ್ರತಂಡದವರು ಅದನ್ನು ಬಳಸಿದರೆ ಯಾರಿಗೂ ನಷ್ಟವಿಲ್ಲ. ನನ್ನ ತಕರಾರು ಇರುವುದು ಯುದ್ಧದ ಕ್ರಮವನ್ನೇ ಬದಲಿಸುವುದರ ಬಗ್ಗೆ. ಗ್ರೀಕ್ ಕಾಲಾಳಿನ ಎಡಗೈಯಲ್ಲಿ ಸುಮಾರು 90 ಸೆಂಟಿಮೀಟರ್ ಅಗಲದ ದುಂಡು ಗುರಾಣಿ, ಬಲಗೈಯಲ್ಲಿ ಎರಡು ಮೀಟರಿಗೂ ಮಿಕ್ಕಿದ ಈಟಿ ಇರುತ್ತಿತ್ತು. ಕತ್ತಿಯೇನಿದ್ದರೂ ಈಟಿ ಮುರಿದ ಮೇಲಿನ ಆಸರೆ. ಆ ಗುರಾಣಿಯ ಎಡ ಅಂಚು ಹೊತ್ತವನ ಮೈಯಿಂದಾಚೆ ಚಾಚಿ ಪಕ್ಕದವನ ಬಲಭಾಗವನ್ನು ಕಾಯುತ್ತಿದ್ದುದರಿಂದ, ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತ ಹೋಗಿ ಇಡೀ ಸಾಲೇ ಬಲಕ್ಕೆ ವಾಲುತ್ತಿತ್ತೆಂದು ಕ್ರಿ.ಪೂ. 418ರ ಮ್ಯಾಂಟಿನಿಯ ಯುದ್ಧವನ್ನು ವಿವರಿಸುವಾಗ ಗ್ರೀಕ್ ಇತಿಹಾಸಕಾರ ಥ್ಯೂಸಿಡಿಡೀಸ್ ಹೇಳುತ್ತಾನೆ. ಅದೇ ಯುದ್ಧದಲ್ಲಿ ಸ್ಪಾರ್ಟಾದವರು ಸಾಲು ಕೆಡದಂತೆ ಕೊಳಲಿನ ನಾದಕ್ಕೆ ಹೆಜ್ಜೆ ಹಾಕುತ್ತ ನಿಧಾನವಾಗಿ ಮುಂದುವರಿದರೆಂದೂ ಬರೆದಿದ್ದಾನೆ. ಕೊಂಬು-ಕೊಟ್ಟಿನ ನಾದಕ್ಕೆ ಹೆಜ್ಜೆ ಕೂಡಿಸಿ ಬಲ್ಲ ಕೊಡಗಿನ ಓದುಗರಿಗೆ ಇದರ ಬಲವನ್ನು ವಿವರಿಸಬೇಕಾಗಿಲ್ಲ. ಕೂಗುತ್ತ ಓಡಿಬಂದು, ಸಾಲು ಮುರಿದು, ಒಬ್ಬೊಬ್ಬನೇ ಜಿಗಿದು ಹೊಡೆದಾಡುವ ಸಿನಿಮಾ ದೃಶ್ಯಕ್ಕಿಂತ, ಕೊಳಲು ಕೇಳಿಸುತ್ತ ಸದ್ದಿಲ್ಲದೆ ಹತ್ತಿರವಾಗುವ ಈಟಿಗಳ ಸಾಲು ಎಷ್ಟು ಭಯಂಕರ! ಇಲ್ಲಿ ನಿಜವನ್ನು ಬಿಟ್ಟುದರಿಂದ ರಂಜನೆಗೇ ನಷ್ಟವಾಯಿತು.

ಪ್ರಶ್ನೆ: ಕಥೆ ಕಾಲ್ಪನಿಕವೆಂದು ಆರಂಭದಲ್ಲೇ ತೋರಿಸಿದ ಮೇಲೂ ಆಕ್ಷೇಪವೇಕೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಆ ಸೂಚನೆ ನಿರ್ಮಾಪಕರಿಗೆ ಕಾನೂನಿನ ರಕ್ಷಣೆ ಕೊಡಬಹುದು, ಆದರೆ ನೋಡುಗರ ಮನಸ್ಸಿನಲ್ಲಿ ಉಳಿಯುವುದು ಚಿತ್ರವೇ. ಮೇಲೆ ಹೇಳಿದ ಚಿತ್ರದಲ್ಲಿ ಕಥೆ ಹೇಳುವವನು ಒಬ್ಬ ಸ್ಪಾರ್ಟಾ ಸೈನಿಕ, ಆದ್ದರಿಂದ ಉತ್ಪ್ರೇಕ್ಷೆ ಸಹಜವೆಂಬ ಸಮರ್ಥನೆ ಇದೆ. ಅದನ್ನು ಅರ್ಧ ಒಪ್ಪುತ್ತೇನೆ. ಆದರೆ ಪರ್ಶಿಯನ್ನರನ್ನು ಮುಖವಾಡದ ರಾಕ್ಷಸರಂತೆ ತೋರಿಸಿದ್ದನ್ನು ಒಪ್ಪಲಾರೆ. ಪರ್ಶಿಯನ್ ದೊರೆಗಳ ರಾಜಧಾನಿಗಳಲ್ಲೊಂದಾದ ಸೂಸಾದ ಅರಮನೆಯ ಬಣ್ಣದ ಇಟ್ಟಿಗೆಗಳ ಗೋಡೆಯಲ್ಲಿ ಆ ಕಾಲದ ಪರ್ಶಿಯನ್ ಬಿಲ್ಲಾಳುಗಳನ್ನು ಅವರ ನಾಡಿನವರೇ ಚಿತ್ರಿಸಿದ್ದು, ಅದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ: ಕಸೂತಿಯ ನೀಳ ನಿಲುವಂಗಿ, ಒಪ್ಪವಾಗಿ ಸುರುಳಿಗಟ್ಟಿದ ಗಡ್ಡ, ಎರಡು ಕೈಗಳಿಂದಲೂ ನೆಟ್ಟಗೆ ಹಿಡಿದ ಈಟಿ. ನೋಡಲು ಇಷ್ಟು ಸೊಗಸಾದ ಆಧಾರವಿದ್ದೂ ಅದನ್ನು ಬಿಟ್ಟು ಒಂದು ಜನಾಂಗವನ್ನೇ ವಿಕಾರವಾಗಿಸಿದಾಗ, 2007ರಲ್ಲಿ ಇರಾನ್ ಪ್ರತಿಭಟಿಸಿದ್ದು ನ್ಯಾಯವೇ.

ಪ್ರಶ್ನೆ: ನಮ್ಮ ನಾಡಿನ ಹಳೆಯ ಯುದ್ಧದ ಬಗ್ಗೆ ಚಿತ್ರ ಮಾಡಹೊರಟವರಿಗೆ ಆಧಾರಗಳು ಎಲ್ಲಿ ಸಿಗುತ್ತವೆ?
– ಪದವಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ನಿಮ್ಮ ಊರಿನ ಸುತ್ತಮುತ್ತಲೇ ಮೊದಲು ನೋಡಿ. ಕೊಡಗಿನ ಕಾಡು, ಕಾಫಿ ತೋಟಗಳ ನಡುವೆ ಬಹು ದೂರ ಹರಿದಿರುವ ಕಡಂಗಗಳ (ರಕ್ಷಣೆಗಾಗಿ ತೋಡಿದ ಹಳೆಯ ಕಂದಕಗಳ) ಅಂಚಿನಲ್ಲಿ ನಿಂತರೆ, ದಾಳಿ ಮಾಡುವವನು ಇಳಿದು ಹತ್ತುವಷ್ಟರಲ್ಲಿ ಮೇಲಿರುವವನಿಗೆ ಎಷ್ಟು ಅವಕಾಶವಿತ್ತೆಂಬುದು ತಾನಾಗಿ ತಿಳಿಯುತ್ತದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸುವ ಒಡಿಕತ್ತಿಯನ್ನು ಹಿರಿಯರ ಅನುಮತಿ ಪಡೆದು ಕೈಯಲ್ಲಿ ಹಿಡಿದು ನೋಡಿ. ಒಳಬಾಗಿನಲ್ಲಿ ಹರಿತವಿದ್ದು ತುದಿಯ ಕಡೆ ಅಗಲವಾದ ಆ ಕತ್ತಿ ಕಡಿಯಲು ಹೇಳಿಮಾಡಿಸಿದ್ದು. ಅದನ್ನು ಹಿಡಿದವನಿಂದ ಸಿನಿಮಾದ ಕತ್ತಿವರಸೆ ಮಾಡಿಸಿದರೆ ಯಾರಿಗಾದರೂ ಅಭಾಸವಾಗುತ್ತದೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಶಾಸನಗಳಿವೆ, ವೀರಗಲ್ಲುಗಳಿವೆ. ಕೊಡಗಿನ ಪೆಗ್ಗೂರು ಶಾಸನ ಗಂಗರ ಕಾಲದ್ದು. ಅದೇ ಗಂಗ ಮನೆತನದ ಇಮ್ಮಡಿ ಬೂತುಗನು 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಬೂತುಗನು ಆನೆಯ ಅಂಬಾರಿಯನ್ನೇ ಕಳನಾಗಿಸಿ ಸುರಗಿಯಿಂದ (ಕಿರುಗತ್ತಿಯಿಂದ) ಇರಿದನೆನ್ನುತ್ತದೆ. ನೆದರ್ಲೆಂಡ್ಸಿನ ಲೈಡನ್ ನಗರದ ಹೆಸರಿನಿಂದ ಗುರುತಿಸುವ ಚೋಳರ ತಾಮ್ರಪಟಗಳು, ಆನೆಯ ಮೇಲಿದ್ದ ರಾಜಾದಿತ್ಯನ ಎದೆಗೆ ಶತ್ರುವಿನ ಬಾಣ ನಾಟಿತೆನ್ನುತ್ತವೆ. ಗೆದ್ದವರದ್ದೊಂದು ಮಾತು, ಸೋತವರದ್ದೊಂದು ಮಾತು. ನಿರ್ದೇಶಕರು ಇವೆರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ, ಧೈರ್ಯವಿದ್ದರೆ ಎರಡನ್ನೂ ತೋರಿಸಲಿ. ಆದರೆ ಆನೆಯಿಂದ ಇಬ್ಬರನ್ನೂ ಇಳಿಸಿ, ಸೈನ್ಯಗಳನ್ನು ಸುತ್ತ ನಿಲ್ಲಿಸಿ, ಹತ್ತು ನಿಮಿಷದ ದ್ವಂದ್ವಯುದ್ಧ ಮಾಡಿಸಿದರೆ ಅದನ್ನು ತಕ್ಕೋಲವೆಂದು ಕರೆಯುವುದು ಬೇಡ.