ಮೊಬೈಲ್ ಬೀರುವಿನಲ್ಲಿಟ್ಟರೆ ಆಯಿತೇ?

ಓದುಗರ ಪತ್ರ: ಮಗನಿಗೆ 11 ವರ್ಷ. ರೀಲ್ಸ್ ನೋಡಿ ನೋಡಿ ಅಜ್ಜಿಗೇ ಎದುರು ಮಾತಾಡುತ್ತಾನೆ. ನೆಂಟರು ಬಂದರೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಬುದ್ಧಿ ಹೇಳಿ ಸಾಕಾಯಿತು. ಮೊಬೈಲ್ ಕಿತ್ತು ಬೀರುವಿನಲ್ಲಿ ಇಟ್ಟುಬಿಡಲೇ?
- ಒಬ್ಬ ತಾಯಿ, ಸಾಗರ

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಪೂರ್ತಿ ಕಿತ್ತುಕೊಳ್ಳಬೇಡಿ. ಪಕ್ಕದ ಮನೆಯಲ್ಲಿ ಕದ್ದು ನೋಡುತ್ತಾನೆ, ನಿಮ್ಮಿಂದ ಮುಚ್ಚಿಡುವುದನ್ನೂ ಕಲಿಯುತ್ತಾನೆ.

ಇನ್‌ಸ್ಟಾಗ್ರಾಮ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು ಅಂತ ಆ ಕಂಪನಿಯದೇ ನಿಯಮ. ಅವನ ಹೆಸರಲ್ಲಿ ಖಾತೆ ಇದ್ದರೆ ಮೊದಲು ತೆಗೆಯಿರಿ. ಯೂಟ್ಯೂಬ್‌ನಲ್ಲಿ ಆಟೋಪ್ಲೇ ನಿಲ್ಲಿಸಿ, ಹಳೆಯ ವಾಚ್ ಹಿಸ್ಟರಿ ಅಳಿಸಿ. ಯಾವ ಬಗೆಯ ವಿಡಿಯೊವನ್ನು ಹೆಚ್ಚು ಹೊತ್ತು ನೋಡಿದನೋ ಅಂಥದ್ದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ. ಅಜ್ಜಿಯನ್ನು ಗೇಲಿ ಮಾಡುವ ವಿಡಿಯೊ ಒಂದು ನೋಡಿದರೆ ಇನ್ನೂ ಹತ್ತು ಬರುತ್ತವೆ. ಮೊಬೈಲ್ ನಡುಮನೆಯಲ್ಲೇ ಇರಲಿ. ಅವನು ನೋಡುವಾಗ ದಿನಕ್ಕೆ ಸ್ವಲ್ಪ ಹೊತ್ತು ನೀವೂ ಪಕ್ಕದಲ್ಲಿ ಕೂತು ನೋಡಿ.

ಎದುರು ಮಾತಿನ ಬಗ್ಗೆ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ಸಲ ಅವನು ಆ ಡೈಲಾಗ್ ಹೊಡೆದಾಗ ಮನೆಯಲ್ಲಿ ಯಾರಾದರೂ ನಕ್ಕಿದ್ದರಾ? ಸಾಮಾನ್ಯವಾಗಿ ನಕ್ಕಿರುತ್ತಾರೆ. ಮಕ್ಕಳಿಗೆ ಆ ನಗು ಬೇಕು, ಹಾಗಾಗಿ ಮತ್ತೆ ಹೇಳುತ್ತಾರೆ. ಬೈಯುವುದಕ್ಕಿಂತ, ಅಜ್ಜಿಯೇ ಅವನನ್ನು ಹತ್ತಿರ ಕೂರಿಸಿಕೊಂಡು 'ನಂಗೆ ಬೇಜಾರಾಯ್ತು ಮಗಾ' ಅಂದರೆ ಜಾಸ್ತಿ ನಾಟುತ್ತದೆ. ನೀವು ಅತ್ತೆಯ ಹತ್ತಿರ ಹೇಗೆ ಮಾತಾಡುತ್ತೀರಿ, ನಿಮ್ಮ ಮನೆಯವರು ಹೇಗೆ ಮಾತಾಡುತ್ತಾರೆ ಅನ್ನುವುದನ್ನೂ ಅವನು ದಿನಾ ಕೇಳಿಸಿಕೊಳ್ಳುತ್ತಾನೆ.

ಇನ್ನು ನೆಂಟರ ವಿಷಯ. ಮಗುವನ್ನು ಕರೆದು ನಾವು ಹೇಳುವುದೇನು? 'ನಮಸ್ಕಾರ ಮಾಡು, ಮಾರ್ಕ್ಸ್ ಎಷ್ಟು ಬಂತು ಹೇಳು.' ಅದು ಅವನಿಗೆ ಪರೀಕ್ಷೆ, ಬರದೇ ಇರುವುದು ಸಹಜ ಅಲ್ವಾ? ಅದರ ಬದಲು ಒಂದು ಕೆಲಸ ಕೊಡಿ. ಬಂದವರಿಗೆ ಬೆಲ್ಲ, ನೀರು ತಂದಿಡುವುದು, ಆಸರಿಗೆ (ಕುಡಿಯಲು) ಏನು ಬೇಕು ಅಂತ ಕೇಳುವುದು ಅವನ ಪಾಲಿಗೇ ಇರಲಿ. ಮರೆತರೂ ನೀವು ಓಡಿ ಹೋಗಿ ಮಾಡಬೇಡಿ, ಅವನನ್ನೇ ಕರೆಯಿರಿ. ಕೈಯಲ್ಲಿ ಚೊಂಬು ಇದ್ದರೆ ಸಂಕೋಚ ಅರ್ಧ ಕಡಿಮೆ.

ನಿಮ್ಮ ಕಡೆ ಅಡಿಕೆ ಸುಲಿಯುವ ರಾತ್ರಿಗಳಿಗೂ ಅವನನ್ನು ಕರೆದುಕೊಂಡು ಹೋಗಿ. ಸುಲಿಯುವವರು ಊರ ಸುದ್ದಿ, ಹಳೆಯ ಜಗಳ, ಯಾರ ಮನೆಯ ಮದುವೆಗೆ ಯಾರು ಬಡಿಸಿದರು ಅಂತ ಮಾತಾಡುತ್ತಲೇ ಇರುತ್ತಾರೆ. ಕಷ್ಟಕ್ಕೆ ಯಾರು ಆದರು, ಯಾರು ಆಗಲಿಲ್ಲ ಅನ್ನುವುದು ಆ ಮಾತಿನಲ್ಲಿ ಸುಮ್ನೆ ಕಿವಿಗೆ ಬೀಳುತ್ತದೆ. ಯಾರೂ ಪಾಠ ಮಾಡುವುದಿಲ್ಲ. ಅಲ್ಲಿ ದೊಡ್ಡವರೂ ಮೊಬೈಲ್ ಬದಿಗಿಡಬೇಕು, ಇದನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ.

ಮೊಬೈಲ್ ಕೊಡದಿದ್ದರೆ ಊಟ, ನಿದ್ದೆ ಬಿಡುವುದು, ಸಾಮಾನು ಎಸೆಯುವುದು ಶುರುವಾದರೆ ಅದು ಬೇರೆಯೇ ವಿಷಯ. ಆಗ ತಡಮಾಡದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ನಿಮ್ಮ ಪತ್ರ ನೋಡಿದರೆ ವಿಷಯ ಅಲ್ಲಿಗೆ ಮುಟ್ಟಿಲ್ಲ.