ಬಾಲಾ ದೇವಿ ರೇಂಜರ್ಸ್‌ನಲ್ಲಿ ಹೆಚ್ಚು ಗೋಲು ಹೊಡೆಯಲಿಲ್ಲ, ಆದರೂ ಅಷ್ಟು ದೊಡ್ಡ ಆಟಗಾರ್ತಿ ಅಂತ ಯಾಕೆ ಹೇಳುತ್ತಾರೆ?

ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್‌ಗೆ ಹೋದ ಬಾಲಾ ದೇವಿ ಅಲ್ಲಿ ಅಂಥ ದೊಡ್ಡದೇನೂ ಮಾಡಲಿಲ್ಲವಲ್ಲ, ಮತ್ತೆ ಯಾಕಿಷ್ಟು ಹೊಗಳಿಕೆ, ಆಮೇಲೆ ಅವರು ಏನಾದರು ಅಂತ ಕೇಳಿದ್ದೀರಿ. ನಾನು ಭಾರತದ ಮಹಿಳಾ ಫುಟ್‌ಬಾಲ್ ಅನ್ನು ಸುಮಾರು ವರ್ಷಗಳಿಂದ ನೋಡುತ್ತಿದ್ದೇನೆ. ಈ ಪ್ರಶ್ನೆ ಬೇರೆಯವರೂ ಕೇಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರೇಂಜರ್ಸ್‌ನ ಲೆಕ್ಕ ಮಾತ್ರ ಹಿಡಿದರೆ ನೀವು ಹೇಳಿದ್ದು ನಿಜ. ಆದರೆ 2020ರ ಜನವರಿಯಲ್ಲಿ ಅವರು ಆ ಒಪ್ಪಂದಕ್ಕೆ ಸಹಿ ಹಾಕಿದಾಗ 30 ತುಂಬಲು ಕೆಲವೇ ದಿನ ಬಾಕಿ ಇತ್ತು. ರಾಷ್ಟ್ರೀಯ ತಂಡಕ್ಕೆ ಬಂದಿದ್ದು 2005ರಲ್ಲಿ, 15ನೇ ವಯಸ್ಸಿಗೆ. ನಡುವಿನ ಆ 15 ವರ್ಷ ಏನಾಯಿತು ಅಂತ ನೋಡದೆ ಅವರನ್ನು ಅಳೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಅವರು ಮಣಿಪುರದ ಬಿಷ್ಣುಪುರ ಜಿಲ್ಲೆಯವರು. ಚಿಕ್ಕಂದಿನಲ್ಲಿ ಆಡಿದ್ದು ಹುಡುಗರ ಜೊತೆ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ಗೂ ಒಂದು ಸ್ಥಾನ ಇದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳನ್ನು ಮಣಿಪುರ ಸಾಲುಸಾಲಾಗಿ ಗೆದ್ದಿದೆ. ಪದ್ಮಶ್ರೀ ಪಡೆದ ಫುಟ್‌ಬಾಲ್ ಆಟಗಾರ್ತಿ ಬೆಂಬೆಮ್ ದೇವಿ ಕೂಡ ಅಲ್ಲಿಯವರೇ. ಅಂದರೆ ಪ್ರತಿಭೆಗೆ ಬರ ಇರಲಿಲ್ಲ. ಬರ ಇದ್ದದ್ದು ಪಂದ್ಯಗಳಿಗೆ.

ಎಷ್ಟರ ಮಟ್ಟಿಗೆ ಅಂದರೆ, 2009ರಲ್ಲಿ ಭಾರತದ ಮಹಿಳಾ ತಂಡದ ಹೆಸರೇ ಫಿಫಾ ರ‍್ಯಾಂಕಿಂಗ್‌ನಿಂದ ಬಿಟ್ಟುಹೋಗಿತ್ತು. ಸೋತು ಸೋತು ಕೆಳಗೆ ಬಿದ್ದಿದ್ದಲ್ಲ, ಒಂದೂವರೆ ವರ್ಷಕ್ಕೂ ಜಾಸ್ತಿ ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿರಲಿಲ್ಲ, ಅದಕ್ಕೆ. ಆಗ ಬಾಲಾಗೆ 19 ವರ್ಷ. ಯಾವುದೇ ದೇಶದಲ್ಲಿ ಫಾರ್ವರ್ಡ್ (ಮುಂದೆ ನಿಂತು ಗೋಲು ಹೊಡೆಯುವ) ಆಟಗಾರ್ತಿ ವಾರಕ್ಕೊಂದು ಪಂದ್ಯ ಆಡಿ ಬೆಳೆಯಬೇಕಾದ ವಯಸ್ಸು ಅದು.

ದೇಶದೊಳಗೂ ಅದೇ ಕಥೆ. ಇಂಡಿಯನ್ ವಿಮೆನ್ಸ್ ಲೀಗ್ ಶುರುವಾಗಿದ್ದೇ 2017ರಲ್ಲಿ. ಅಲ್ಲಿಯವರೆಗೆ ವರ್ಷಕ್ಕೊಂದು ರಾಷ್ಟ್ರೀಯ ಟೂರ್ನಿ, ನಡುವೆ ಯಾವಾಗಲಾದರೂ ಒಂದು ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಿ) ಅಥವಾ ದಕ್ಷಿಣ ಏಷ್ಯಾ ಕ್ರೀಡಾಕೂಟ, ಅಷ್ಟೇ. ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳೋ ಮಾತೇ ಇರಲಿಲ್ಲ. ಅದಕ್ಕೇ ಮಣಿಪುರದ ಎಷ್ಟೋ ಆಟಗಾರ್ತಿಯರ ಹಾಗೆ ಇವರೂ ಮಣಿಪುರ ಪೊಲೀಸ್ ಇಲಾಖೆ ಸೇರಿದರು. ಮನೆ ನಡೆಸೋಕೆ ಪೊಲೀಸ್ ನೌಕರಿ, ಆಡೋಕೂ ಪೊಲೀಸ್ ತಂಡವೇ.

ಲೀಗ್ ಬಂದ ಮೇಲಾದರೂ ಪರಿಸ್ಥಿತಿ ಬದಲಾಯಿತಾ? ಈಗ ಎಲ್ಲರೂ ಹೇಳೋ ಅಂಕಿಯನ್ನೇ ನೋಡೋಣ. 2018-19ರ ಸೀಸನ್‌ನಲ್ಲಿ ಮಣಿಪುರ ಪೊಲೀಸ್ ಪರವಾಗಿ ಬಾಲಾ ಹೊಡೆದದ್ದು 7 ಪಂದ್ಯಗಳಲ್ಲಿ 26 ಗೋಲು. ಕೇಳೋಕೆ ಭರ್ಜರಿಯಾಗಿದೆ, ಅಲ್ವಾ? ಆದರೆ ಆ ಇಡೀ ರಾಷ್ಟ್ರೀಯ ಲೀಗ್ ಲುಧಿಯಾನ ಅನ್ನೋ ಒಂದೇ ಊರಲ್ಲಿ, 2019ರ ಮೇ 5ರಿಂದ 22ರವರೆಗೆ ಮುಗಿದುಹೋಯಿತು. ಮೂರು ವಾರವೂ ಇಲ್ಲ. ಮೇ ತಿಂಗಳ ಪಂಜಾಬಿನ ಬಿಸಿಲಲ್ಲಿ, ಎರಡು ಮೂರು ದಿನಕ್ಕೊಂದು ಪಂದ್ಯ. ಗುಂಪಿನ ಐದು ಪಂದ್ಯ, ಸೆಮಿಫೈನಲ್, ಫೈನಲ್, ಆಮೇಲೆ ಮನೆಗೆ. ಫೈನಲ್‌ನಲ್ಲಿ ಮಣಿಪುರ ಪೊಲೀಸ್ ವಿರುದ್ಧ ಸೇತು ಎಫ್‌ಸಿ 3-1ರಿಂದ ಗೆದ್ದಿತು. ಮುಂದಿನ ಸೀಸನ್ ಯಾವಾಗ ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

ಆ 26ರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಅವರ ಅಭಿಮಾನಿ, ಆದರೂ ಆ ಅಂಕಿಯನ್ನು ತೋರಿಸಿ ವಾದ ಮಾಡಲ್ಲ. ಆಗಿನ ಲೀಗ್‌ನಲ್ಲಿ ತಂಡಗಳ ನಡುವೆ ಅಜಗಜಾಂತರ ಇತ್ತು. ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡುವ ತಂಡದ ಎದುರು ಲೀಗ್‌ಗೆ ಅಂತ ಕೂಡಿಸಿ ತಂದ ತಂಡ ನಿಂತರೆ ಗೋಲಿನ ಮಳೆ ಸುರಿಯುತ್ತದೆ. 2014ರಲ್ಲಿ ಇಸ್ಲಾಮಾಬಾದ್‌ನಲ್ಲಿ ನಡೆದ ಸ್ಯಾಫ್ ಟೂರ್ನಿಯಲ್ಲಿ ಅವರೇ ಅತಿ ಹೆಚ್ಚು ಗೋಲು ಹೊಡೆದವರು, ಅದಕ್ಕೂ ಈ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ.

ನನಗೆ ಅವರ ಅಳತೆ ಕಾಣೋದು ಬೇರೆ ಕಡೆ. 2019ರ ನವೆಂಬರ್‌ನಲ್ಲಿ ರೇಂಜರ್ಸ್ ಅವರನ್ನು ಟ್ರಯಲ್‌ಗೆ ಕರೆಯಿತು. ನಮ್ಮ ಬೆಂಗಳೂರು ಎಫ್‌ಸಿ ಜೊತೆ ರೇಂಜರ್ಸ್‌ಗೆ ಆಗ ಒಪ್ಪಂದ ಆಗಿತ್ತು, ಆ ದಾರಿಯಲ್ಲೇ ಇದು ಸಾಧ್ಯವಾಗಿದ್ದು. ಟ್ರಯಲ್ ಮುಗಿಸಿ ಬಂದವರು ಡಿಸೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ನೇಪಾಳದ ಪೋಖರಾಕ್ಕೆ ಹೋದರು. ಫೈನಲ್ ನೇಪಾಳದ ಎದುರು, ಅವರದೇ ನೆಲದಲ್ಲಿ. ಭಾರತ 2-0ರಿಂದ ಚಿನ್ನ ಗೆದ್ದಿತು. ಮೊದಲಾರ್ಧದಲ್ಲಿ ಒಂದು, ಎರಡನೇ ಅರ್ಧದಲ್ಲಿ ಇನ್ನೊಂದು, ಎರಡೂ ಬಾಲಾ ಅವರದೇ. ದುರ್ಬಲ ತಂಡದ ಮೇಲೆ ಐದು ಆರು ಗೋಲು ಹೊಡೆಯೋದಕ್ಕಿಂತ ಇಂಥ ಪಂದ್ಯದ ಎರಡು ಗೋಲು ನನಗೆ ಹೆಚ್ಚು.

ಇನ್ನೊಂದು ವಿಷಯ, ಅವರು ಗೋಲಿನ ಮುಂದೆ ಸುಮ್ನೆ ಕಾಯುತ್ತಾ ನಿಲ್ಲುವ ಆಟಗಾರ್ತಿ ಅಲ್ಲ. ಕೆಳಗೆ ಇಳಿದು ಬಂದು ಚೆಂಡು ತೆಗೆದುಕೊಳ್ಳುತ್ತಾರೆ, ತಿರುಗುತ್ತಾರೆ, ಓಡುತ್ತಿರುವವರ ಮುಂದಕ್ಕೆ ಪಾಸ್ ಬಿಡುತ್ತಾರೆ. ರೇಂಜರ್ಸ್ ಅವರಿಗೆ 10ನೇ ನಂಬರಿನ ಜೆರ್ಸಿ ಕೊಟ್ಟಿದ್ದು ಸುಮ್ಮನೆ ಅಲ್ಲ, ಆಟ ಕಟ್ಟುವವರಿಗೆ ಸಾಮಾನ್ಯವಾಗಿ ಕೊಡುವ ನಂಬರ್ ಅದು. ಗೋಲಿನ ಎಣಿಕೆಯಲ್ಲಿ ಈ ಕೆಲಸ ಕಾಣಿಸುವುದಿಲ್ಲ.

ಈಗ ರೇಂಜರ್ಸ್‌ನ ಊರಾದ ಗ್ಲಾಸ್ಗೋ ವಿಷಯ. 18 ತಿಂಗಳ ಒಪ್ಪಂದ. ವಿದೇಶದಲ್ಲಿ ವೃತ್ತಿಪರ ಒಪ್ಪಂದ ಪಡೆದ ಭಾರತದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಅಂತ ಪೇಪರ್‌ಗಳಲ್ಲೆಲ್ಲಾ ಬಂತು. ಹೋಗಿ ಕಾಲೂರುವಷ್ಟರಲ್ಲಿ ಮಾರ್ಚ್‌ನಲ್ಲಿ ಕೊರೊನಾ ಬಂದು ಲೀಗ್ ನಿಂತಿತು. ಗೊತ್ತಿಲ್ಲದ ಊರು, ಚಳಿ, ಲಾಕ್‌ಡೌನ್. ಮತ್ತೆ ಲೀಗ್ ಶುರುವಾದದ್ದು ಅಕ್ಟೋಬರ್‌ನಲ್ಲಿ. 2020ರ ಡಿಸೆಂಬರ್ 6ರಂದು ಮದರ್‌ವೆಲ್ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದು ಕೊನೆಯ ಹೊತ್ತಿನಲ್ಲಿ ಮೊದಲ ಗೋಲು ಹೊಡೆದರು. ಆ ಪಂದ್ಯವನ್ನು ರೇಂಜರ್ಸ್ 9-0ರಿಂದ ಗೆದ್ದಿತು. ನಿಜ ಹೇಳಬೇಕೆಂದರೆ ಪಂದ್ಯದ ಲೆಕ್ಕಕ್ಕೆ ಆ ಗೋಲಿನಿಂದ ಏನೂ ಆಗಬೇಕಿರಲಿಲ್ಲ. ಹೊಸ ವರ್ಷದಲ್ಲಿ ಲೀಗ್ ಮತ್ತೆ ಕೆಲವು ತಿಂಗಳು ನಿಂತಿತು. ಆಮೇಲೆ ಮೊಣಕಾಲಿನ ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಅಸ್ಥಿರಜ್ಜು) ಗಾಯ. ಫುಟ್‌ಬಾಲ್ ಆಡುವವರಿಗೆ ಇದರ ಹೆಸರು ಕೇಳಿದರೇ ಭಯ: ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ನಡಿಗೆಯಿಂದ ಶುರುಮಾಡಿ ಮತ್ತೆ ಓಟಕ್ಕೆ ಬರಬೇಕು. ಇಷ್ಟರ ನಡುವೆ ಎಷ್ಟು ಗೋಲು ಬರಬೇಕಿತ್ತು ಹೇಳಿ.

ಆ ಗಾಯದಿಂದಾಗಿ 2022ರ ಜನವರಿಯಲ್ಲಿ ಭಾರತದಲ್ಲೇ ನಡೆದ ಏಷ್ಯಾ ಕಪ್ ಕೂಡ ತಪ್ಪಿಹೋಯಿತು. (ಆ ಟೂರ್ನಿಯಲ್ಲಿ ಇರಾನ್ ಜೊತೆ 0-0 ಆದ ಮೇಲೆ ತಂಡದಲ್ಲಿ ಕೊರೊನಾ ಹರಡಿ, ಕಣಕ್ಕಿಳಿಸಲು 13 ಜನರೂ ಇಲ್ಲದೆ ಭಾರತ ಹೊರಬಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.)

ಆಮೇಲೆ ಏನಾದರು ಅಂದಿರಲ್ಲ. ಗಾಯದ ನಂತರ ಅವರ ಕಥೆ ಮುಗಿಯಿತು ಅಂದುಕೊಂಡವರೇ ಹೆಚ್ಚು. ಆದರೆ ಊರಿಗೆ ವಾಪಸ್ ಬಂದು ಆಡಿದರು, ರಾಷ್ಟ್ರೀಯ ತಂಡಕ್ಕೂ ಮರಳಿದರು. 2024ರ ಅಕ್ಟೋಬರ್‌ನಲ್ಲಿ ಕಾಠ್ಮಂಡುವಿನ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನವನ್ನು ಭಾರತ 5-2ರಿಂದ ಸೋಲಿಸಿದ ದಿನ ಬಾಲಾ ತಮ್ಮ 50ನೇ ಅಂತರರಾಷ್ಟ್ರೀಯ ಗೋಲು ಹೊಡೆದರು. ವಯಸ್ಸು 34. ಆ ಪಂದ್ಯದಲ್ಲಿ ಗೋಲು ಹೊಡೆದ ಇನ್ನೊಬ್ಬರು ಮನೀಷಾ ಕಲ್ಯಾಣ್. ಪಂಜಾಬಿನ ಈ ಹುಡುಗಿ 2022ರಲ್ಲಿ ಸೈಪ್ರಸ್‌ನ ಅಪೊಲಾನ್ ಕ್ಲಬ್ ಸೇರಿ, ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಆಗ ಅವಳಿಗೆ 20 ವರ್ಷ. ಬಾಲಾ ಆ ವಯಸ್ಸಿನಲ್ಲಿದ್ದಾಗ ದೇಶದಲ್ಲಿ ಒಂದು ಲೀಗ್ ಕೂಡ ಇರಲಿಲ್ಲ. ತವರು ಮತ್ತು ಎದುರಾಳಿ ಊರು ಎರಡೂ ಕಡೆ ಆಡುವ, ತಿಂಗಳುಗಟ್ಟಲೆ ನಡೆಯುವ ಮಹಿಳಾ ಲೀಗ್ ನಮ್ಮಲ್ಲಿ ಬಂದಿದ್ದು 2023-24ರಲ್ಲಿ.